ಎದುರು ಕಡೆಯ ವಕೀಲೆ

ಅಮ್ಮನಿಗೆ ನಮಸ್ಕಾರಗಳು.

ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಬೈಯಬೇಡ.

ಇಲ್ಲಿ ಸ್ನಾತಕೋತ್ತರ ತರಗತಿಯಲ್ಲಿ ಸ್ಪರ್ಧಾ ಕಾನೂನು ಕಲಿಸುವಾಗ ಅಣಕು ನ್ಯಾಯಾಲಯ ನಡೆಸುತ್ತಾರೆ. ಯಾರು ಯಾರ ಪರ ವಾದಿಸಬೇಕೆಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಈ ಸಲದ ಮೊಕದ್ದಮೆಯಲ್ಲಿ ಒಂದು ದೊಡ್ಡ ಕಂಪನಿ ಅಸಲಿಗಿಂತ ಕಡಿಮೆಗೆ ಸಾಬೂನು ಮಾರಿ, ಊರಿನ ಸಣ್ಣ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಬೆಲೆ ಏರಿಸಿದೆ. ಕಥೆ ನಿನಗೆ ಗೊತ್ತಿರುವುದೇ. ನನ್ನ ಚೀಟಿಯಲ್ಲಿ ಬಂದದ್ದು ಕಂಪನಿ.

ಚೆನ್ನಾಗಿಯೇ ವಾದಿಸಿದೆ. ನ್ಯಾಯಾಧೀಶರಾಗಿ ಕೂತಿದ್ದ ಮೇಷ್ಟ್ರು, "ಹಾಗಾದ್ರೆ ಆ ಸಣ್ಣ ಕಾರ್ಖಾನೆಯವನ ಗತಿ ಏನಮ್ಮಾ?" ಎಂದು ಕೇಳಿದರು.

"ಕಾನೂನು ಕಾಯೋದು ಸ್ಪರ್ಧೆಯನ್ನ ಸರ್, ಸ್ಪರ್ಧಿಯನ್ನಲ್ಲ. ಅವನಿಗೆ ಪೈಪೋಟಿ ಮಾಡೋಕೆ ಬರ್ಲಿಲ್ಲ, ಅಷ್ಟೇ" ಎಂದೆ.

ಆಗ ಹಿಂದಿನ ಖಾಲಿ ಬೆಂಚಿನಿಂದ ಕೆಮ್ಮು ಕೇಳಿಸಿತು. ನಮ್ಮ ಕಾರ್ಖಾನೆಯಲ್ಲಿ ಸಾಬೂನಿಗೆ ಹಾಕುವ ಕಾಸ್ಟಿಕ್ ಸೋಡಾದ ಘಾಟಿಗೆ ಅಪ್ಪ ಬಾಯಿಗೆ ತೋಳು ಅಡ್ಡ ಹಿಡಿದು ಕೆಮ್ಮುತ್ತಿದ್ದರಲ್ಲ, ಅದೇ ಕೆಮ್ಮು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಅಂದಿನಿಂದ ಎಷ್ಟು ತೊಳೆದರೂ ಕೈಯಿಂದ ನಮ್ಮ ನಿಂಬೆ ಸಾಬೂನಿನ ವಾಸನೆ ಹೋಗುತ್ತಿಲ್ಲ. ಹಾಸ್ಟೆಲಿನಲ್ಲಿ ಕೊಡುವುದು ಬೇರೆ ಸಾಬೂನು.

ಮೊದಲ ಬಹುಮಾನ ನನಗೇ ಬಂತು. ಪದಕವನ್ನು ಇದರ ಜೊತೆ ಕಳಿಸಿದ್ದೇನೆ, ಬೀರುವಿನಲ್ಲಿ ಬಟ್ಟೆಗಳ ಕೆಳಗಿಡು. ದಿನಾ ಬೆಳಿಗ್ಗೆ ಅಪ್ಪನ ಫೋಟೋ ಒರೆಸುತ್ತಾ ಮನೆಯ ಸುದ್ದಿಯನ್ನೆಲ್ಲ ಅವರಿಗೆ ಒಪ್ಪಿಸುತ್ತೀಯಲ್ಲ, ಇದೊಂದನ್ನು ಹೇಳಬೇಡ. ಅವರಾಗಿಯೇ ಕೇಳಿದರೆ, ನಾನು ಸೋತೆ ಎನ್ನು.

ಇಂತಿ,
ನಿನ್ನ ಕಿರಿಮಗಳು