ನೀಲಿ ಟಾರ್ಪಾಲಿನಡಿಯ ಬಂಗಡೆ

ಪ್ರೀತಿಯ ಅಮ್ಮಮ್ಮ,

ನನ್ನ ಭಾಷಣಗಳನ್ನೆಲ್ಲ ನೀನು ಕೈಯಲ್ಲಿ ಮೀನು ಹಿಡಿದುಕೊಂಡೇ ಕೇಳುತ್ತಿದ್ದೆ. ಅದಕ್ಕೇ ಈ ಸುದ್ದಿಯನ್ನೂ ಮೀನಿನಿಂದಲೇ ಶುರುಮಾಡುತ್ತೇನೆ. ನಿನ್ನ ಮೀನು ಗೆದ್ದಿತು! ಗೆಲ್ಲಿಸಿದ್ದು ಗಿರಿಜಕ್ಕ. ಮುಖ ತಿರುಗಿಸಬೇಡ, ಪೂರ್ತಿ ಕೇಳು.

ನೆನಪಿದೆಯಾ, ಮಳೆಗಾಲ ಮುಗಿದದ್ದೇ ದೋಣಿಗೆ ಹೊದೆಸಿದ್ದ ನೀಲಿ ಟಾರ್ಪಾಲು ತಂದು ತ್ರಾಸಿಯ ಹೆದ್ದಾರಿ ಬದಿಯಲ್ಲಿ ನೀನು ಮೀನು ಮಾರುವ ಜಾಗಕ್ಕೆ ಕಟ್ಟಿಸಿದ್ದು? "ದೋಣಿ ಕಡಲಿಗ್ ಹೋಯ್ತ್. ಇದ್ ಎಂತಕ್ ಸುಮ್ನೆ ಬಿದ್ಕಂಡ್ ಇಪ್ಪುದ್?" ಎಂದಿದ್ದೆ. ಎದುರಿಗೆ ನಿನ್ನ ಗೆಳತಿ ಗಿರಿಜಕ್ಕನ ದೊಡ್ಡ ಕೆಂಪು ಕೊಡೆ. ಒಂದೇ ದೋಣಿಯ ಮೀನನ್ನು ಇಬ್ಬರೂ ಹಂಚಿಕೊಂಡು ತಂದವರು. ಆದರೂ ನಿನ್ನ ಖಾಯಂ ಗಿರಾಕಿ ಬ್ರಹ್ಮಾವರದ ಮಾಸ್ಟ್ರು ನಿನ್ನ ಬಂಗಡೆಯ ಕಿವಿರು ಎತ್ತಿ ನೋಡಿ, ತಾಜಾ ಮೀನಿನ ಕೆಂಪು ಕಾಣದೆ, "ಅಜ್ಜೀ, ಇದ್ ಯಾವತ್ತಿಂದ್?" ಎನ್ನುತ್ತ ಅವಳ ಕಡೆ ನಡೆದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ...

ನಿನಗೆ ಸಿಟ್ಟು ಬಂದಾಗ ಕಡಲೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. "ಕಿವಿರಿಗ್ ಬಣ್ಣ ಹಚ್ಚಿ ಮಾರ್ತ್ಳ್!" ಎಂದು ಕೂಗಿದೆ. ಅವಳು ಬಿಟ್ಟಾಳೆಯೇ? "ನಿಮ್ದ್ ಐಸಲ್ಲಿಟ್ಟ ಹಳೇ ಮೀನ್" ಎಂದಳು. ಅಂದಿನಿಂದ ನೀವಿಬ್ಬರೂ ಎಲೆ ಅಡಿಕೆ ಹಂಚಿಕೊಂಡು ತಿನ್ನುವುದೂ ನಿಂತಿತು.

ಉಪ್ಪುಂದದ ಬಸ್ಸಿನಲ್ಲಿ ಯಾರೋ ಕೊಟ್ಟ ವಿಜ್ಞಾನದ ಕಿರುಹೊತ್ತಿಗೆಯನ್ನು ನಿನಗೆ ಗಟ್ಟಿಯಾಗಿ ಓದಿ ಹೇಳಿದೆ. ಕೆಂಪು ವಸ್ತು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಬೀಳುವ ಬೆಳಕಿನಲ್ಲೂ ಕೆಂಪು ಇರಬೇಕು. ನೀಲಿ ಟಾರ್ಪಾಲು ಆ ಕೆಂಪನ್ನು ಮೇಲೆಯೇ ತಡೆದುಬಿಡುತ್ತದೆ, ಕಿವಿರು ಕಪ್ಪಾಗಿ ಕಾಣುತ್ತದೆ. ಕೆಂಪು ಕೊಡೆಯಡಿ ನಿನ್ನೆಯ ಕಿವಿರೂ ಮದುಮಗಳು. ಕಣ್ಣೋ, ಆ ಬೆಳಕಿಗೆ ಒಗ್ಗಿ ಮೋಸವನ್ನೇ ಮರೆಯುತ್ತದೆ. ನೀನು ನಕ್ಕುಬಿಟ್ಟೆ. "ಹೌದಾ ಹೆಣೆ? ನಿನ್ ಪುಸ್ತಕ ಬಂಗ್ಡಿ ಮಾರಿ ಕೊಡತ್ತಾ?" ಬಿಸಿಲಿಗೆ ಹಿಡಿದು ತೋರಿಸೋಣ ಎಂದರೆ, "ಅವ್ಳೆದ್ರ್ ನನ್ ಮೀನ್ ಪರೀಕ್ಷೆಗ್ ಕೂರುದಿಲ್ಲೆ!" ಎಂದೆ. ನಿನ್ನನ್ನು ಒಪ್ಪಿಸುವಷ್ಟರಲ್ಲಿ ನೀನೇ ಹೊರಟುಹೋದೆ...

ಹೋದ ತಿಂಗಳು ಗಿರಿಜಕ್ಕನ ಹತ್ತಿರ ನಾನೇ ಹೋದೆ. ಖಾಲಿ ಬಿದ್ದ ನಿನ್ನ ಜಾಗದ ಮೇಲೆ ಟಾರ್ಪಾಲು ಇನ್ನೂ ಹಾಗೇ ಇತ್ತು. ಒಂದು ಬಂಗಡೆ ಕೊಡಿ, ಆ ಟಾರ್ಪಾಲಿನಡಿ ಹಿಡಿದು ನೋಡಬೇಕು ಎಂದೆ. "ತಿಂಬುಕಾ, ಭಾಷಣಕ್ಕಾ?" ಎಂದು ಕೇಳಿದವಳು ತಾನೇ ಮೀನು ಹಿಡಿದು ಬಂದಳು. ಟಾರ್ಪಾಲಿನಡಿ ಕಿವಿರು ಎತ್ತಿದಳು. "ಅಯ್ಯಬ್ಬ! ಈಗಷ್ಟೇ ಕೆಂಪಿತ್ತಲ್ದನೇ!" ಕೊಡೆಯಡಿಗೆ ಓಡಿದಳು, ಟಾರ್ಪಾಲಿನಡಿಗೆ ಮರಳಿದಳು, ಕೊನೆಗೆ ಬಿಸಿಲಲ್ಲಿ ನಿಂತು ನೋಡಿದಳು. ಹಾದುಹೋಗುವ ಬಸ್ಸಿನಿಂದ ಕಂಡಕ್ಟರ್, "ಹ್ವಾಯ್, ಮೀನಿಗ್ ವಾಕಿಂಗಾ?" ಎಂದು ಕೂಗಿದ. ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. "ಇಷ್ಟೇ ವಿಷ್ಯಕ್ಕೆ ನಾವಿಬ್ರ್..." ಎಂದವಳು ಟಾರ್ಪಾಲಿನ ಗಂಟಿಗೆ ಕೈ ಹಾಕಿದಳು.

ಬೆಳಕಿನ ನ್ಯಾಯದ ಬಗ್ಗೆ ನಾನು ಬಾಯಿ ತೆರೆದಿದ್ದೆ. "ಭಾಷಣ ಆಮೇಲ್. ಮೊದ್ಲ್ ಹಗ್ಗ ಹಿಡಿ" ಎಂದಳು. ಟಾರ್ಪಾಲು ಇಳಿಯಿತು. ಕೆಂಪು ಕೊಡೆಯನ್ನೂ ಮಡಚಿದಳು! ಲಾಭ ತರುವ ಸುಳ್ಳನ್ನು ಹೀಗೆ ಮಡಚಿಡುವವರು ಎಷ್ಟು ಮಂದಿ, ಹೇಳು? ಈಗ ಅವಳು ನಿನ್ನ ಸಾಲಿಗೇ ಬಂದಿದ್ದಾಳೆ. ಅವಳ ಜಾಗ, ನಿನ್ನ ಜಾಗ ಎರಡಕ್ಕೂ ಸೇರಿ ಒಂದೇ ಬಿಳಿ ಶೀಟು.

ಮೊನ್ನೆ ಮಾಸ್ಟ್ರು ಬಂದರು. "ಇಲ್ಲಿ ಕೂರ್ತಿದ್ದ ಅಜ್ಜಿ ಕಡೆಕಡೆಗೆ ಹಳೆ ಮೀನು ಮಾರ್ತಿದ್ರು, ಪಾಪ" ಎಂದರು. ಗಿರಿಜಕ್ಕ ಅವರ ಕೈಯಿಂದ ಬಂಗಡೆ ಕಿತ್ತುಕೊಂಡಳು. "ಮಾಸ್ಟ್ರೇ, ಅವ್ರ್ ಮೀನ್ ಯಾವತ್ತೂ ಹಳ್ತಲ್ಲ. ಟರ್ಪಾಲ್ ನೀಲಿ ಇದ್ದಿತ್ತ್, ಅಷ್ಟೇ. ಇನ್ನೊಂದ್ಸಲ ಹಾಂಗ್ ಹೇಳಿರೆ ಮೀನಿಲ್ಲೆ ನಿಮ್ಗೆ!"

ಅವರು ಹೋದ ಮೇಲೆ ಎಲೆ ಅಡಿಕೆ ಮಡಚಿ ಒಂದನ್ನು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ನೀನು ಕೂರುತ್ತಿದ್ದ ಕಲ್ಲಿನ ಮೇಲೆ ಇಟ್ಟಳು. ಸತ್ತವರು ಬಂದು ತಿನ್ನುತ್ತಾರೆಂಬುದರ ವಿರುದ್ಧ ನಾನು ಎಷ್ಟು ಭಾಷಣ ಮಾಡಿದ್ದೇನೆಂದು ನಿನಗೆ ಗೊತ್ತು. ಆದರೂ ಅಮ್ಮಮ್ಮ, ನಿನ್ನ ಪಾಲಿನ ಎಲೆ ಅಡಿಕೆಗೆ ಕಾಗೆ ಬಂದಾಗ ಓಡಿಸಿದವಳು ನಾನೇ.

ನಿನ್ನ ಬಾಯಿಬಡುಕಿ ಮೊಮ್ಮಗಳು,
ಸುಮತಿ