ಸವೆದ ಮೆಟ್ಟಿಲು

ಅಕ್ಕಾ,

ಈ ಕಾಗದಕ್ಕೆ ಅಂಚೆಚೀಟಿಯ ಖರ್ಚಿಲ್ಲ; ನೀನೀಗ ಇರುವಲ್ಲಿಗೆ ಟಪಾಲು ಹೋಗುವುದಿಲ್ಲ.

ನೀನು ಮೇಜಿನ ಮೇಲೆ ಕಟ್ಟುತ್ತಿದ್ದ ಪುಟಾಣಿ ಆಟಿಕೆ ರೈಲುದಾರಿಗೆಂದು ತಂದಿಟ್ಟಿದ್ದ ಕೊನೆಯ ಅಂಗಡಿಯ ಬಿಡಿಭಾಗಗಳನ್ನು ಇವತ್ತು ನಾನೇ ಜೋಡಿಸಿದೆ. ಬೆಂಕಿಪೊಟ್ಟಣದಷ್ಟು ಅಂಗಡಿ. ಗೋಡೆ ಅಂಟಿಸಿ, ಬಾಗಿಲಿಗೆ ಹಸಿರು, ಬೋರ್ಡಿಗೆ ಹಳದಿ ಬಳಿದು, ನಿನ್ನ ಅಂಗಡಿಗಳ ಸಾಲಿನಲ್ಲಿಟ್ಟು ಎದೆಯುಬ್ಬಿಸಿ ನಿಂತೆ.

ನಿನ್ನ ಮಗಳು ಬಗ್ಗಿ ನೋಡಿ ನಕ್ಕಳು. "ಏನ್ ಮಾವ, ಇಷ್ಟೊಂದು ಮಿಂಚ್ತಿದೆ! ಒಬ್ಬ ಗಿರಾಕಿನೂ ಮೆಟ್ಟಿಲು ಹತ್ತಿದ ಹಾಗಿಲ್ಲ. ಅಮ್ಮ ಮಾಡಿದ್ದನ್ನ ನೋಡಿ."

ಭೂತಗನ್ನಡಿ ಹಿಡಿದೆ. ಅಬ್ಬಾ, ಅಕ್ಕ! ನಿನ್ನ ಕ್ಷೌರದಂಗಡಿಯ ಬಾಗಿಲಲ್ಲಿ ಕೈ ತಾಗುವ ಕಡೆ ಮಾತ್ರ ಬಣ್ಣ ಮಾಸಿದೆ. ಸೈಕಲ್ ಅಂಗಡಿಯ ಗೋಡೆಯಲ್ಲಿ ಚಕ್ರ ಒರಗಿಸುವ ಕಡೆ ಎಣ್ಣೆಯ ಕಲೆಯಿದೆ. ಮೆಟ್ಟಿಲುಗಳೆಲ್ಲ ನಡುವೆ ಮಾತ್ರ ಸವೆದಿವೆ.

ಇದನ್ನೆಲ್ಲ ಎಲ್ಲಿ ನೋಡಿದೆಯೋ ಎಂದುಕೊಂಡು ಪೇಟೆಯಲ್ಲಿರುವ ನನ್ನ ನಿಜವಾದ ಅಂಗಡಿಗೆ ಹೋಗಿ ಬಗ್ಗಿದರೆ, ನನ್ನ ಮೆಟ್ಟಿಲೂ ಹಾಗೆಯೇ! ಗಲ್ಲಾಪೆಟ್ಟಿಗೆಯ ಒಂದು ಚಿಲ್ಲರೆಯೂ ಕಣ್ತಪ್ಪದ ನನಗೆ ಅದು ಕಂಡಿರಲಿಲ್ಲ.

ದಿನಾ ಸಂಜೆ ನೀನು ಆ ಮೆಟ್ಟಿಲ ಬಲತುದಿಯಲ್ಲೇ ಕೂರುತ್ತಿದ್ದೆ. "ಸುಮ್ನೆ ಕೂರೋ ಬದ್ಲು ಒಳಗ್ ಬಂದು ಬಿಲ್ಲಾದ್ರೂ ಬರಿಯೇ" ಎಂದು ನಾನು ರೇಗಿಸಿದರೆ, "ನೋಡ್ತಿದೀನಿ ಕಣೋ" ಅನ್ನುತ್ತಿದ್ದೆ. ಏನನ್ನು ಎಂದು ನಾನು ಕೇಳಲಿಲ್ಲ.

ಮನೆಗೆ ಬಂದು, ನಾನು ಜೋಡಿಸಿದ ಪುಟ್ಟ ಅಂಗಡಿಯ ಮೆಟ್ಟಿಲ ನಡುವನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದೆ. ಬಲತುದಿಯನ್ನೂ ಒಂಚೂರು ಉಜ್ಜಿದೆ.

"ಅಲ್ಲಿ ಯಾರೂ ಕಾಲಿಡಲ್ಲ ಮಾವ" ಅಂದಳು ನಿನ್ನ ಮಗಳು.

"ಕಾಲಿಡೋಕಲ್ಲಮ್ಮ, ಕೂರೋಕೆ" ಅಂದೆ.

ರೈಲು ಬರುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.