ಡೀನ್ ಅಷ್ಟು ಬೈದದ್ದು ಯಾಕೆ

ಪ್ರೀತಿಯ ಕೀರನ್,

ಆ ದಿನ ಹೊಲದಲ್ಲಿ ಬಿದ್ದುಕೊಂಡು ಡೀನ್ ನಿನ್ನನ್ನು ಬೈದದ್ದು ಸಿಟ್ಟಿನಿಂದಲ್ಲ. ಇದನ್ನು ನನಗೆ ತಿಳಿಸಿದವಳು ಶೆರಿಲ್, ನಿಮ್ಮ ತುಕಡಿಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದವಳು. ಈಗ ಕಾರ್ಲೈಲ್‌ನ ಆಸ್ಪತ್ರೆಯಲ್ಲಿ ನರ್ಸ್. ನಾನು ಅಲ್ಲಿಗೆ ಕಣ್ಣಿನ ಆಪರೇಷನ್‌ಗೆಂದು ಹೋಗಿ ಮಲಗಿದ್ದೆ. ಔಷಧಿ ಬಿಡಲು ಬಂದವಳನ್ನು ದನಿಯಿಂದಲೇ ಗುರುತಿಸಿದೆ.

ಇನ್ನೊಂದು ಸುದ್ದಿ ಡೀನ್‌ನ ತಾಯಿ ಮಾರೀನ್‌ಳದು. ಈ ವರ್ಷ ಯುದ್ಧಸ್ಮಾರಕಕ್ಕೆ ಡೀನ್ ಹೆಸರಿನ ಹೂಚಕ್ರವನ್ನು ನೀನೇ ಇಡಬೇಕಂತೆ.

ನವೆಂಬರ್‌ನಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುವ ಭಾನುವಾರ ಬಂತೆಂದರೆ ನೀನು ಗಾಳ ಹಿಡಿದು ಬಂದರಿನ ಕಟ್ಟೆಯ ತುದಿಗೆ ಹೋಗಿ ಊರಿಗೆ ಬೆನ್ನು ಹಾಕಿ ಕೂರುವುದು ವರ್ಕಿಂಗ್ಟನ್‌ನಲ್ಲಿ ಎಲ್ಲರಿಗೂ ಗೊತ್ತು. ಯಾರೂ ಕರೆಯುವುದಿಲ್ಲ. ಬೇಕರಿಯ ಸಾಲಿನಲ್ಲಿ ಮಾರೀನ್ ನನ್ನ ತೋಳು ಹಿಡಿದು, "ಬ್ರೆಂಡಾ, ಇನ್ನೆಷ್ಟು ವರ್ಷ ಮೀನುಗಳ ಜೊತೆ ಮಾತಾಡ್ಕೊಂಡಿರ್ತಾನಂತೆ ಅವ್ನು?" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಧಾನ ಮಾಡಿ ಡೀನ್‌ನ ಕೊಂದೆ ಅಂದ್ಕೊಂಡಿದಾನೆ, ಅಲ್ವಾ?" ಎಂದು ಕೇಳಿದಳು. ನಾನು ಹೌದೆಂದೆ.

ನಿಮ್ಮ ತುಕಡಿ ಯುದ್ಧಕ್ಕೆಂದು ಹೋಗಿದ್ದ ಹೆಲ್ಮಂಡ್‌ಗೆ ನಾನು ಬಂದದ್ದು ಊರಿನ ಪತ್ರಿಕೆಯ ವರದಿಗಾರ್ತಿಯಾಗಿ. ನೆಲದಲ್ಲಿ ಹೂತ ಬಾಂಬ್ ಹುಡುಕುವ ನೀನು ಎಲ್ಲರಿಗಿಂತ ಮುಂದೆ, ನಾನು ಸಾಲಿನ ಕೊನೆಯಲ್ಲಿ. ಗುರುತು ಹಾಕುವ ಬಣ್ಣ ಮುಗಿದು, ಬೆವರಿದ ಪಾದಕ್ಕೆ ಹಚ್ಚಲು ಕೊಟ್ಟ ಪೌಡರನ್ನೇ ನೀನು ಶೋಧಿಸಿದ ದಾರಿಯ ಎರಡು ಕಡೆ ಚೆಲ್ಲುತ್ತ ಹೋಗುತ್ತಿದ್ದೆ. ಆ ಬಿಳಿ ಗೆರೆಗಳ ನಡುವೆಯಷ್ಟೇ ನಮ್ಮ ಲೋಕ. ಹಿಂದಿನಿಂದ ಡೀನ್ ಕೂಗುವನು: "ಲೋ ಆಮೆ, ನನ್ನಜ್ಜಿ ಮಂಡಿನೋವು ಇಟ್ಕೊಂಡೇ ನಿನಗಿಂತ ಬೇಗ ಪೇಟೆಗೆ ಹೋಗ್ಬರ್ತಾಳೆ!" ನೀನು ತಿರುಗದೆಯೇ, "ಅವಳನ್ನೇ ಕಳಿಸ್ಬೇಕಿತ್ತು ಮಾರಾಯ, ನೋಡೋಕೂ ನಿನಗಿಂತ ವಾಸಿ" ಎನ್ನುವೆ.

ನಮ್ಮೂರಿನವರೇ ಹಾಗೆ. ಬೇಕಾದವರನ್ನು ಬೈಯುತ್ತೇವೆ. ಯಾರಾದರೂ ಇದ್ದಕ್ಕಿದ್ದಂತೆ ಮರ್ಯಾದೆಯಿಂದ ಮಾತಾಡಿದರೆ, ಏನೋ ಕೆಟ್ಟದ್ದಾಗಿದೆ ಎಂದೇ ಲೆಕ್ಕ.

ಮರಗಳ ಸಾಲಿನಿಂದ ಗುಂಡು ಬಂದ ಆ ಬೆಳಿಗ್ಗೆ ಕನಸಿನಲ್ಲಿ ನಡೆದಂತೆ ನನ್ನೊಳಗೆ ಉಳಿದಿದೆ. ಗಸಗಸೆಯ ಒಣ ಕಾಯಿಗಳು ಗಾಳಿಗೆ ಗಿಲಗಿಲ ಸದ್ದು ಮಾಡುತ್ತಿದ್ದವು. ನಾವು ಕಾಲುವೆಗೆ ಉರುಳಿದೆವು. ನಮ್ಮ ತಲೆ ಉಳಿಸಲು ಎದುರು ಗುಂಡು ಹಾರಿಸುತ್ತ ಡೀನ್ ಗೋಡೆಯ ಮರೆಗೆ ಜಿಗಿದ, ಬಿಳಿ ಗೆರೆ ದಾಟಿ. ಅವನ ಕಾಲಡಿ ಬಾಂಬ್ ಸಿಡಿದು ನೆಲ ಮೇಲೆದ್ದಿತು.

ನೀನು ಓಡಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ತಲೆಯ ಮೇಲೆ ಗುಂಡು ಹಾಯುತ್ತಿರುವಾಗ, ಅಂಗೈಯಗಲ ಅಂಗೈಯಗಲ ನೆಲ ಸವರುತ್ತ ಹೋದೆ. ಸವರಿದ ನೆಲಕ್ಕೆ ಪೌಡರ್ ಚೆಲ್ಲಿದೆ. ನಿನ್ನ ಹಿಂದೆ ಶೆರಿಲ್, ಅವಳ ಹಿಂದೆ ಸ್ಟ್ರೆಚರ್‌ನ ಹುಡುಗರು. ಆಚೆಯಿಂದ ಡೀನ್ ಬಿಡದೆ ಬೈಯುತ್ತಿದ್ದ: "ಏನ್ ಮಾರಾಯ, ನಿದ್ದೆ ಮಾಡ್ತಿದೀಯಾ? ಟೀ ಕುಡ್ಕೊಂಡ್ ಬರ್ತೀಯಾ?" ದಾರಿಯಲ್ಲಿ ಇನ್ನೊಂದು ಬಾಂಬ್ ಸಿಕ್ಕಿತು. ಅದನ್ನು ಬಳಸಿಕೊಂಡು ಹೋದೆ. ಧೈರ್ಯವೆಂದರೆ ಮುನ್ನುಗ್ಗುವುದು ಎಂದು ನನ್ನ ವರದಿಗಳಲ್ಲಿ ಎಷ್ಟೋ ಸಲ ಬರೆದಿದ್ದೆ. ಗೆಳೆಯ ಕೂಗುತ್ತಿರುವಾಗ ನಿಧಾನವಾಗಿ ಹೋಗಬಲ್ಲವನನ್ನು ನೋಡಿದ ಮೇಲೆ ಮತ್ತೆಂದೂ ಹಾಗೆ ಬರೆದಿಲ್ಲ.

ಈಗಲೂ ಆ ಬಿಳಿ ಗೆರೆ ನನ್ನ ನಿದ್ದೆಯಲ್ಲಿ ಬರುತ್ತದೆ. ಹೊಲದಿಂದ ಹೊರಟು ನಮ್ಮ ಬೀದಿಗೆ ಇಳಿಯುತ್ತದೆ, ಮೀನು-ಚಿಪ್ಸ್ ಅಂಗಡಿ ದಾಟಿ ಸಮುದ್ರದವರೆಗೂ ಹೋಗುತ್ತದೆ. ಎಲ್ಲಿಯೋ ಮುಂದೆ ಡೀನ್ ಬೈಯುತ್ತಿರುತ್ತಾನೆ. ನೆಲ ಹತ್ತಿಯ ಹಾಗೆ ಮೆತ್ತಗಿರುತ್ತದೆ, ಯಾರಿಗೂ ಏನೂ ಆಗುವುದಿಲ್ಲ.

ಶೆರಿಲ್ ಹೇಳಿದ್ದು ಇಷ್ಟು. ಡೀನ್‌ನನ್ನು ಸ್ಟ್ರೆಚರ್‌ಗೆ ಹಾಕಿದ ಮೇಲೆ ನೀನು ಹೆಲಿಕಾಪ್ಟರ್ ಇಳಿಯುವ ಜಾಗ ಶೋಧಿಸಲು ಮುಂದೆ ಹೋದೆ. ಆಗ ಅವಳು, "ನಿನ್ನ ಹತ್ರ ಬರೋಕೆ ಪ್ರಾಣ ಪಣಕ್ಕಿಟ್ಟವನನ್ನ ಹಾಗಾ ಬೈಯೋದು?" ಎಂದು ಗದರಿದಳಂತೆ. ಡೀನ್ ನಕ್ಕನಂತೆ. "ಬೈಯೋದು ನಿಲ್ಲಿಸಿದ್ರೆ ನಾನು ಸಾಯ್ತಿದೀನಿ ಅಂತ ಅವ್ನಿಗೆ ಗೊತ್ತಾಗೋದು. ಓಡಿ ಬರ್ತಿದ್ದ, ಪೆದ್ದ. ಬಾಂಬ್ ತುಳಿದು ಎಲ್ರೂ ಹೋಗ್ತಿದ್ರು." ಅವನ ಕೊನೆಯ ಮಾತುಗಳು ಇವೇ. ಶೆರಿಲ್ ನನ್ನ ಮುಖ ನೋಡಿ, "ಕೀರನ್‌ಗೆ ಗೊತ್ತಿರ್ಲಿಲ್ವಾ? ಅವ್ನಿಗೆ ಆಗ್ಲೇ ಅರ್ಥ ಆಗಿರತ್ತೆ ಅಂದ್ಕೊಂಡಿದ್ದೆ" ಎಂದಳು.

ನೋವನ್ನೆಲ್ಲ ನುಂಗಿ ಅವನು ನಿನ್ನನ್ನು ನಿಧಾನವಾಗಿರಿಸಿದ. ನಿಧಾನವಾಗಿದ್ದು ನೀನು ನಮ್ಮನ್ನೆಲ್ಲ ಮನೆಗೆ ತಲುಪಿಸಿದೆ. ನಿಮ್ಮಿಬ್ಬರಲ್ಲಿ ಯಾರ ಧೈರ್ಯ ದೊಡ್ಡದು ಎಂದು ಅಳೆಯಲು ನನಗೆ ಬರುವುದಿಲ್ಲ.

ಇದನ್ನು ಮಾರೀನ್‌ಗೆ ಹೇಳಿದೆ. ಅತ್ತಳು, ಆಮೇಲೆ ಮೂಗೊರೆಸಿಕೊಂಡು, "ಆ ಆಮೆಗೆ ಬರೆದು ಹಾಕು. ಭಾನುವಾರ ಬರದಿದ್ರೆ ಕಟ್ಟೆಗೇ ಹೋಗಿ ಕಿವಿ ಹಿಡಿದು ಎಳ್ಕೊಂಡ್ ಬರ್ತೀನಿ, ಗಾಳ ಸಮೇತ!" ಎಂದಳು.

ಕೇಳಿಸಿತೇ, ಕೀರನ್? ಅವಳು ನಿನ್ನನ್ನು ಬೈಯುತ್ತಿದ್ದಾಳೆ.

ನಿನ್ನ ಕಾಲಡಿಯ ನೆಲ ಎಂದೆಂದೂ ಗಟ್ಟಿಯಾಗಿರಲಿ.

ನಿನ್ನ ಹಿಂದೆ ನಡೆದು ಬದುಕಿದವಳು,
ಬ್ರೆಂಡಾ

ಸ್ಮಾರಕಕ್ಕೆ ಮೆರವಣಿಗೆ ಭಾನುವಾರ ಹತ್ತೂವರೆಗೆ ಗ್ರಂಥಾಲಯದ ಮುಂದಿನಿಂದ ಹೊರಡುತ್ತದೆ. ಹನ್ನೊಂದಕ್ಕೆ ಮೌನ. ಹೂಚಕ್ರ ಮಾರೀನ್ ಕೈಯಲ್ಲಿರುತ್ತದೆ.